ಬರಲೇ ಇಲ್ಲದ ಎರಡನೇ ಜನ್ಮ: 'ಆ್ಯಂಥಮ್' ಆಟ ಮತ್ತು ಅದಕ್ಕಾಗಿ ಕಾದವರು

ಇವತ್ತಿನ ಸಂಚಿಕೆಯಲ್ಲಿ ಒಂದು ವಿಡಿಯೋ ಗೇಮ್‌ನ ಇತಿಹಾಸ ಹೇಳ್ತೀನಿ. ಗೇಮ್ ಆಡದವರೂ ದಯವಿಟ್ಟು ಕೇಳಿ. ಯಾಕಂದ್ರೆ ದುಡ್ಡು ಕೊಟ್ಟು ತಗೊಂಡ ವಸ್ತು ನಮ್ಮದಾ ಅಲ್ವಾ ಅನ್ನೋ ಪ್ರಶ್ನೆ ಈ ಕಥೆಯ ಒಳಗೇ ಇದೆ.

2021ರ ಫೆಬ್ರವರಿ 24. ಬಯೋವೇರ್ ಅನ್ನೋ ಕಂಪನಿ ತನ್ನ ಬ್ಲಾಗ್‌ನಲ್ಲಿ ಒಂದು ಪ್ರಕಟಣೆ ಹಾಕಿತು. 'ಆ್ಯಂಥಮ್' ಆಟವನ್ನು ಬುಡದಿಂದ ಮತ್ತೆ ಕಟ್ಟುವ ಕೆಲಸ ನಿಲ್ಲಿಸಿದ್ದೇವೆ, ಈಗಿರುವ ಆಟದ ಸರ್ವರ್‌ಗಳು ಮಾತ್ರ ನಡೆಯುತ್ತವೆ ಎಂಬುದು ಅದರ ಸಾರ. ಬರೆದವರು ಆ ಕೆಲಸದ ಮುಖ್ಯಸ್ಥ ಕ್ರಿಶ್ಚಿಯನ್ ಡೇಲಿ. ಆಟಗಾರರಲ್ಲಿ ಕೆಲವರು ಸಿಟ್ಟಾದರು, ಕೆಲವರು 'ನಮಗೆ ಮೊದಲೇ ಗೊತ್ತಿತ್ತು' ಅಂದರು. ಇನ್ನು ಕೆಲವರು ನಿಜವಾಗಿಯೂ ದುಃಖಪಟ್ಟರು. ಎರಡು ವರ್ಷದ ಹಿಂದೆ ಬಂದು, ವಿಮರ್ಶಕರಿಂದ ಬೈಸಿಕೊಂಡು ಮೂಲೆಗೆ ಬಿದ್ದಿದ್ದ ಆಟಕ್ಕೆ ದುಃಖ ಪಡುವವರು ಯಾರಪ್ಪಾ ಅನ್ನಿಸಬಹುದು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಯೋವೇರ್ ಕೆನಡಾದ ಎಡ್ಮಂಟನ್‌ನಲ್ಲಿ 1995ರಲ್ಲಿ ಶುರುವಾದ ಸ್ಟುಡಿಯೋ. 'ಮಾಸ್ ಎಫೆಕ್ಟ್', 'ಡ್ರ್ಯಾಗನ್ ಏಜ್' ಥರದ, ಕಥೆಯೇ ಪ್ರಧಾನವಾದ ಆಟಗಳಿಂದ ಹೆಸರು ಮಾಡಿತ್ತು. ಎಲೆಕ್ಟ್ರಾನಿಕ್ ಆರ್ಟ್ಸ್, ಅಂದ್ರೆ ಇಎ, ಅದನ್ನು ಕೊಂಡಿತ್ತು. 2017ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ 'ಆ್ಯಂಥಮ್' ತೋರಿಸಿದಾಗ ಜನ ಬೆರಗಾದರು. ಜಾವ್ಲಿನ್ ಅನ್ನೋ ಯಂತ್ರಕವಚ ತೊಟ್ಟು ಕಾಡು, ಕಣಿವೆಗಳ ಮೇಲೆ ಹಾರೋದು, ನಾಲ್ಕು ಜನ ಗೆಳೆಯರು ಸೇರಿ ಶತ್ರುಗಳ ಮೇಲೆ ಬೀಳೋದು, ಗೆದ್ದ ಮೇಲೆ ಸಿಗೋ ಆಯುಧ, ಸಾಮಗ್ರಿ ಬಾಚಿಕೊಳ್ಳೋದು. ಈ ಸಿಗೋ ಸಾಮಗ್ರಿಗೆ ಗೇಮರ್‌ಗಳ ಭಾಷೇಲಿ 'ಲೂಟ್' ಅಂತಾರೆ.

2019ರ ಫೆಬ್ರವರಿ 22ಕ್ಕೆ ಆಟ ಬಿಡುಗಡೆಯಾಯಿತು. ಬೆಲೆ 60 ಡಾಲರ್. ಹಾರಾಟದ ಬಗ್ಗೆ ಎಲ್ಲರದೂ ಒಂದೇ ಮಾತು: ಅದ್ಭುತ. ನಾನೂ ಆಡಿದವನೇ, ಒಪ್ಪುತ್ತೇನೆ. ಹಾರ್ತಾ ಹಾರ್ತಾ ಕವಚ ಬಿಸಿಯಾಗುತ್ತೆ, ಆಗ ಜಲಪಾತದೊಳಗೆ ನುಗ್ಗಿ ಬಂದರೆ ತಣ್ಣಗಾಗುತ್ತೆ. ಇಂಥ ಸಣ್ಣ ವಿಷಯಗಳಲ್ಲಿ ಕೈಚಳಕ ಕಾಣ್ತಿತ್ತು. ಆದರೆ ನೆಲಕ್ಕೆ ಇಳಿದರೆ ಬೇರೆಯದೇ ಕಥೆ. ಪದೇಪದೇ ಲೋಡಿಂಗ್ ಪರದೆ, ಒಂದೇ ಥರದ ಕೆಲಸಗಳು. ಕಥೆ ಮುಗಿದ ಮೇಲೆ ಆಡೋಕೆ ಇದ್ದ ದೊಡ್ಡ ಕೋಟೆಗಳು ಮೂರೇ ಮೂರು. ಅವನ್ನೇ ಸುತ್ತಿ ಸುತ್ತಿ ಆಡಿದರೂ ಒಳ್ಳೆಯ ಲೂಟ್ ಬೀಳ್ತಿರಲಿಲ್ಲ. ಒಮ್ಮೆ ಯಾವುದೋ ದೋಷದಿಂದ ಲೂಟ್ ಧಾರಾಳವಾಗಿ ಬಿತ್ತು. ಆಟಗಾರರು ಹಬ್ಬ ಮಾಡಿದರು. ಕಂಪನಿ ತಕ್ಷಣ ಆ 'ದೋಷ'ವನ್ನು ಸರಿಪಡಿಸಿತು! ಮಾರ್ಚ್‌ ಹೊತ್ತಿಗೆ ಕೆಲವು ಆಟಗಾರರು ಸೇರಿ, ಕೆಲವು ದಿನ ಈ ಆಟವನ್ನು ಮುಟ್ಟೋದೇ ಬೇಡ ಅಂತ ಮುಷ್ಕರಕ್ಕೆ ಕರೆ ಕೊಟ್ಟರು.

ಏಪ್ರಿಲ್‌ನಲ್ಲಿ ಪತ್ರಕರ್ತ ಜೇಸನ್ ಶ್ರಯರ್ ಕೊಟಾಕು ತಾಣದಲ್ಲಿ ದೀರ್ಘ ವರದಿ ಬರೆದರು. ಅದರ ಪ್ರಕಾರ ಆಟದ ತಯಾರಿ ಸುಮಾರು ಏಳು ವರ್ಷ ನಡೆದಿದ್ದರೂ, ಅದು ಯಾವ ಥರದ ಆಟ ಅನ್ನೋದೇ ಬಹುಕಾಲ ತೀರ್ಮಾನವಾಗಿರಲಿಲ್ಲ. ಹಾರಾಟವನ್ನು ಸೇರಿಸೋದು, ತೆಗೆಯೋದು, ಮತ್ತೆ ಸೇರಿಸೋದು ನಡೆದೇ ಇತ್ತು. ಕೊನೆಗೆ ಇಎ ಅಧಿಕಾರಿಯೊಬ್ಬರಿಗೆ ತೋರಿಸಿದ ಡೆಮೊದಲ್ಲಿ ಹಾರಾಟವೇ ಮೆಚ್ಚುಗೆ ಗಳಿಸಿದ ಮೇಲೆ ಅದು ಉಳಿಯಿತು. 'ಆ್ಯಂಥಮ್' ಅನ್ನೋ ಹೆಸರು ಕೂಡ ಇ3ಗೆ ಕೆಲವೇ ದಿನ ಮುಂಚೆ ಇಟ್ಟಿದ್ದು, ಅಲ್ಲಿವರೆಗೆ 'ಬಿಯಾಂಡ್' ಅಂತಿತ್ತು. ಇಎಯ ಫ್ರಾಸ್ಟ್‌ಬೈಟ್ ಎಂಜಿನ್ ಜೊತೆ ಗುದ್ದಾಡಿ ಸಿಬ್ಬಂದಿ ಹೈರಾಣಾಗಿದ್ದರು, ಮಾನಸಿಕ ಒತ್ತಡದಿಂದ ರಜೆ ಹಾಕಿದವರೂ ಇದ್ದರು. 2017ರಲ್ಲಿ ವೇದಿಕೆ ಮೇಲೆ ನೋಡಿದ್ದ ಆಟ ಆಗ ಹೆಚ್ಚುಕಡಿಮೆ ಇರಲೇ ಇಲ್ಲ ಅನ್ನೋದು ಆಟಗಾರರಿಗೆ ಗೊತ್ತಾಗಿದ್ದು ಹೀಗೆ.

ಇಷ್ಟಾದ ಮೇಲೂ ಭರವಸೆ ಯಾಕೆ ಉಳಿಯಿತು? ಇಲ್ಲಿ ಇತಿಹಾಸದ ಪಾತ್ರ ಇದೆ. 2010ರಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್ 'ಫೈನಲ್ ಫ್ಯಾಂಟಸಿ 14' ತಂದು ಮುಖಭಂಗ ಅನುಭವಿಸಿತ್ತು. ಕಂಪನಿ ಕ್ಷಮೆ ಕೇಳಿ, ನವೋಕಿ ಯೋಶಿದಾ ಅವರ ಕೈಗೆ ಚುಕ್ಕಾಣಿ ಕೊಟ್ಟಿತು. ಹಳೇ ಆಟದ ಜಗತ್ತನ್ನು ಕಥೆಯೊಳಗೇ ನಾಶ ಮಾಡಿ, 2013ರಲ್ಲಿ ಹೊಸದಾಗಿ ಕಟ್ಟಿ ಗೆದ್ದಿತು. 2016ರ 'ನೋ ಮ್ಯಾನ್ಸ್ ಸ್ಕೈ' ಕೂಡ ಬಂದಾಗ ಉಗಿಸಿಕೊಂಡಿದ್ದೇ. ಅದರ ಪುಟ್ಟ ಬ್ರಿಟಿಷ್ ತಂಡ ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಟ್ಟು ಮಾನ ಉಳಿಸಿಕೊಂಡಿತು. ಹಾಗಾಗಿ 'ಕಾದರೆ ಆಟ ಸರಿಹೋಗುತ್ತೆ' ಅನ್ನೋದು ಗೇಮರ್‌ಗಳಿಗೆ ಬರೀ ಆಸೆಯಾಗಿರಲಿಲ್ಲ, ಕಣ್ಣಾರೆ ಕಂಡಿದ್ದರು.

2020ರ ಫೆಬ್ರವರಿಯಲ್ಲಿ ಬಯೋವೇರ್ ಮುಖ್ಯಸ್ಥ ಕೇಸಿ ಹಡ್ಸನ್ ಅದೇ ಆಸೆಗೆ ನೀರೆರೆದರು. ಆಟದ ತಿರುಳನ್ನೇ ಮರುವಿನ್ಯಾಸ ಮಾಡ್ತೀವಿ, ಅದಕ್ಕೆ ಸಮಯ ತಗೋತೀವಿ ಅಂದರು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಡೇಲಿ ನೇತೃತ್ವದ ತಂಡ ಕೆಲಸ ಶುರು ಮಾಡಿತು. ತಂಡದಲ್ಲಿ ಸುಮಾರು 30 ಜನ. ಆದರೂ ಅವರು ಲೂಟ್ ಹೇಗೆ ಬದಲಾಗುತ್ತೆ, ಕವಚದ ಕೌಶಲಗಳನ್ನು ಹೇಗೆ ಜೋಡಿಸಬಹುದು ಅಂತ ಚಿತ್ರ ಸಮೇತ ಬ್ಲಾಗ್ ಬರೆದರು. ಅರ್ಧ ಬೆಂದ ಕೆಲಸವನ್ನು ಕಂಪನಿಗಳು ಸಾಮಾನ್ಯವಾಗಿ ಹೊರಗೆ ತೋರಿಸಲ್ಲ. ಇವರು ತೋರಿಸಿದರು. ಆಟಗಾರರಿಗೆ ತಮ್ಮ ದೂರುಗಳಿಗೆಲ್ಲ ಅಲ್ಲಿ ಒಂದೊಂದೇ ಉತ್ತರ ಕಾಣಿಸಿತು.

ಆಮೇಲೆ ಕೋವಿಡ್. ಮನೆಯಿಂದ ಕೆಲಸ. ಡಿಸೆಂಬರ್‌ನಲ್ಲಿ ಹಡ್ಸನ್ ಕಂಪನಿ ಬಿಟ್ಟರು, ಹಿರಿಯ ನಿರ್ಮಾಪಕ ಮಾರ್ಕ್ ಡೇರಾ ಕೂಡ ಬಿಟ್ಟರು. ಡೇಲಿಯನ್ನು 'ಡ್ರ್ಯಾಗನ್ ಏಜ್' ಕಡೆಗೆ ಕಳಿಸಲಾಯಿತು. 2021ರ ಫೆಬ್ರವರಿಯಲ್ಲಿ ಬ್ಲೂಮ್‌ಬರ್ಗ್ ವರದಿ ಬಂತು: ತಂಡವನ್ನು ದೊಡ್ಡದು ಮಾಡೋದಾ, ಕೆಲಸ ನಿಲ್ಲಿಸೋದಾ ಅಂತ ಇಎ ನಿರ್ಧರಿಸಲಿದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯೋ ಹಾಗೆ ಅಭಿಮಾನಿಗಳು ಎರಡು ವಾರ ಕಾದರು. ಫೆಬ್ರವರಿ 24ಕ್ಕೆ ಬಂದ ಉತ್ತರ ನಿಮಗೆ ಗೊತ್ತೇ ಇದೆ. ಮಹಾಮಾರಿಯಿಂದ ಕೆಲಸ ನಿಧಾನವಾಗಿದೆ, ಎಲ್ಲವನ್ನೂ ಮಾಡೋಕಾಗಲ್ಲ, 'ಡ್ರ್ಯಾಗನ್ ಏಜ್', 'ಮಾಸ್ ಎಫೆಕ್ಟ್' ಕಡೆ ಗಮನ ಕೊಡಬೇಕು ಅನ್ನೋದು ಕೊಟ್ಟ ಕಾರಣ.

ಆ ದಿನದ ಸಿಟ್ಟನ್ನು ಬಿಡಿಸಿ ನೋಡಿದರೆ ಎರಡು ಬೇರೆ ಬೇರೆ ದೂರು ಕಾಣುತ್ತವೆ ಅಂತ ನನಗನ್ನಿಸುತ್ತೆ. ಒಂದು, ದುಡ್ಡಿನದು. ಬಿಡುಗಡೆಗೆ ಮುಂಚೆ ವರ್ಷಗಟ್ಟಲೆ ಹೊಸ ಅಧ್ಯಾಯಗಳು ಬರುತ್ತವೆ ಅಂದಿದ್ದರು. ಆ ಯೋಜನೆಯನ್ನು 2019ರಲ್ಲೇ ಕೈಬಿಟ್ಟರು. ನಂತರ ಮರುವಿನ್ಯಾಸದ ಮಾತು ಬಂತು, ಅದೂ ಹೋಯಿತು. 60 ಡಾಲರ್ ಕೊಟ್ಟವರಿಗೆ ಎರಡು ಸಲ ಮಾತು ತಪ್ಪಿದ ಹಾಗಾಯಿತು. ಇನ್ನೊಂದು, ಅಭಿಮಾನದ್ದು. ಹಾರೋದು ಇಷ್ಟು ಚೆನ್ನಾಗಿದೆ, ಉಳಿದಿದ್ದನ್ನು ಸರಿ ಮಾಡಿದ್ದರೆ ಎಂಥ ಆಟ ಆಗ್ತಿತ್ತು ಅನ್ನೋ ಕೊರಗು. ಪೂರ್ತಿ ಕೆಟ್ಟ ಆಟವಾಗಿದ್ದರೆ ಜನ ಬೈದು ಮರೆತುಬಿಡ್ತಿದ್ದರು. ಒಂದು ಭಾಗ ಚೆನ್ನಾಗಿದ್ದಿದ್ದಕ್ಕೇ ಮರೆಯೋಕಾಗಲಿಲ್ಲ.

ಇಷ್ಟು ಸಿಟ್ಟಿನ ನಡುವೆಯೂ ಅನೇಕರು ಆ 30 ಜನರ ತಂಡಕ್ಕೆ ಧನ್ಯವಾದ ಹೇಳಿದರು. ಸಿಟ್ಟು ಹಣ ಹಾಕೋಕೆ ಒಪ್ಪದವರ ಮೇಲೆ ಇತ್ತು. ಕಂಪನಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಸ್ಕ್ವೇರ್ ಎನಿಕ್ಸ್‌ಗೆ ತನ್ನ ಅತಿ ದೊಡ್ಡ ಹೆಸರನ್ನು ಕಾಪಾಡಿಕೊಳ್ಳಬೇಕಿತ್ತು, 'ನೋ ಮ್ಯಾನ್ಸ್ ಸ್ಕೈ' ತಂಡಕ್ಕೆ ಬೇರೆ ದಾರಿಯೇ ಇರಲಿಲ್ಲ. ಇಎ ಬಳಿ ಮಾರೋಕೆ ಇನ್ನೂ ಹತ್ತು ಆಟಗಳಿದ್ದವು. ಎರಡನೇ ಜನ್ಮ ಸಿಗೋದು ಆಟದ ಯೋಗ್ಯತೆಯಿಂದಲ್ಲ, ಅದನ್ನು ಬಿಟ್ಟರೆ ಕಂಪನಿಗೆ ಎಷ್ಟು ನಷ್ಟ ಅನ್ನೋದರ ಮೇಲೆ. ಆಟಗಾರರು ಹಳೇ ಉದಾಹರಣೆಗಳಲ್ಲಿ ಗಮನಿಸದೆ ಹೋಗಿದ್ದು ಇದನ್ನೇ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಐದು ವರ್ಷ ಆ ಆಟ ಹೊಸದೇನೂ ಇಲ್ಲದೆ ಹಾಗೇ ನಡೆಯಿತು. 2025ರ ಜುಲೈನಲ್ಲಿ ಇಎ ಸರ್ವರ್ ಮುಚ್ಚುವ ಸುದ್ದಿ ಕೊಟ್ಟಿತು. 2026ರ ಜನವರಿ 12ಕ್ಕೆ ಸರ್ವರ್ ಆರಿತು. ಇಂಟರ್‌ನೆಟ್ ಇಲ್ಲದೆ ನಡೆಯದ ಆಟವಾದ್ದರಿಂದ, ದುಡ್ಡು ಕೊಟ್ಟು ತಂದ ಡಿಸ್ಕ್ ಮನೆಯಲ್ಲಿದ್ದರೂ ಇನ್ನು ಒಬ್ಬರೇ ಕೂತು ಹಾರೋಕೂ ಆಗಲ್ಲ.

ಇದೇ ಕಾರಣಕ್ಕೆ 2024ರಲ್ಲಿ, ಯುಬಿಸಾಫ್ಟ್‌ನ 'ದಿ ಕ್ರೂ' ಆಟ ಮುಚ್ಚಿದ ಮೇಲೆ, ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರು ಮಾಡಿದರು. ಯುರೋಪ್‌ನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅವರು ಆಟಗಳನ್ನು ಸದಾಕಾಲ ನಡೆಸಿ ಅಂತ ಕೇಳ್ತಿಲ್ಲ, ಮುಚ್ಚುವಾಗ ಕೊಂಡವರು ಆಡಿಕೊಳ್ಳುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ: ಬರೀ ಪರವಾನಗಿ ಕೊಡ್ತಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿಸಿ' ಅಂತ ಡಿಜಿಟಲ್ ಅಂಗಡಿಗಳು ಬರೆಯುವಂತಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮರುವಿನ್ಯಾಸ ನಿಲ್ಲಿಸಿದ್ದು ಕಂಪನಿಯ ಹಕ್ಕು, ಅದನ್ನು ಒಪ್ಪಬಹುದು. ಆದರೆ ಕೊಂಡ ಆಟವನ್ನೇ ವಾಪಸ್ ತಗೊಂಡಿದ್ದನ್ನು ಒಪ್ಪೋದು ಕಷ್ಟ. ನಿಮ್ಮ ಫೋನಿನಲ್ಲಿ, ಟಿವಿಯಲ್ಲಿ 'ಖರೀದಿಸಿದ' ಸಿನಿಮಾ, ಪುಸ್ತಕ, ಆಟಗಳಲ್ಲಿ ಎಷ್ಟು ನಿಜವಾಗಿ ನಿಮ್ಮವು? ಒಮ್ಮೆ ನೋಡಿಕೊಳ್ಳಿ, ನಮಗೂ ಬರೆದು ತಿಳಿಸಿ.