ಪಿಗ್ಮಿಯವರ ಹೆಗಲ ಚೀಲ

ಹೆಗಲಿಗೆ ಚೀಲ ಹಾಕಿಕೊಳ್ಳುವುದೂ ಒಂದು ವಿದ್ಯೆ ಎಂದರೆ ನೀವು ನಗಬಹುದು. ಆದರೆ ನಮ್ಮ ಉಡುಪಿ, ಕಾಪು, ಕಾರ್ಕಳದ ಕಡೆ ಆ ವಿದ್ಯೆಯನ್ನು ನೆಚ್ಚಿ ಬದುಕಿದವರಿದ್ದಾರೆ. ಅವರನ್ನು ನಾವು ಪಿಗ್ಮಿಯವರೆಂದು ಕರೆಯುತ್ತೇವೆ.

1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ. ಎಂ. ಎ. ಪೈ, ಈ ಮೂವರು 8000 ರೂಪಾಯಿಗಳ ಬಂಡವಾಳದೊಡನೆ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಿದ್ದ ಕಾಲವದು. ಬಡವನಿಗೆ ಬ್ಯಾಂಕಿನ ಮೆಟ್ಟಿಲೇರಲು ಸಂಕೋಚ. ಏರಿದರೆ ಒಂದು ಹೊತ್ತಿನ ಕೂಲಿ ನಷ್ಟ. 1928ರಲ್ಲಿ ಬ್ಯಾಂಕೇ ಅವನ ಮನೆಬಾಗಿಲಿಗೆ ನಡೆಯಿತು. ದಿನಕ್ಕೆ 2 ಆಣೆ ಕೊಟ್ಟರೂ ಸಾಕು. 30 ದಿನಕ್ಕೆ ಅದು 3 ರೂಪಾಯಿ 12 ಆಣೆ.

ಬ್ಯಾಂಕು ನಡೆಯಿತೆಂದರೆ, ನಡೆದದ್ದು ಸಂಗ್ರಾಹಕನ ಕಾಲು, ಹೊತ್ತದ್ದು ಅವನ ಹೆಗಲು. 2 ಆಣೆಗೆ ನೋಟಿರಲಿಲ್ಲ, ಎಲ್ಲವೂ ಲೋಹದ ಬಿಲ್ಲೆ. 100 ಮನೆ ತಿರುಗಿದರೆ 12 ರೂಪಾಯಿ 8 ಆಣೆ. ಮೊತ್ತ ಸಣ್ಣದಾದರೂ ಭಾರ ಸಣ್ಣದಲ್ಲ.

ನಾನು ಬಲ್ಲ ಹಳೆಯ ಸಂಗ್ರಾಹಕರು ಚೀಲವನ್ನು ಒಂದೇ ಹೆಗಲಿನಿಂದ ಇಳಿಬಿಡುತ್ತಿರಲಿಲ್ಲ. ಹಾಗೆ ಬಿಟ್ಟರೆ ಪಟ್ಟಿ ಜಾರುತ್ತದೆ. ಜಾರದಂತೆ ಹೆಗಲನ್ನು ಎತ್ತಿ ಹಿಡಿದೇ ನಡೆದು ಸಂಜೆಗೆ ಕುತ್ತಿಗೆ ಸೆಟೆದುಕೊಳ್ಳುತ್ತದೆ. ಮೈಮೇಲೆ ಜನಿವಾರವಿರಲಿ ಇಲ್ಲದಿರಲಿ, ಪಟ್ಟಿ ಮಾತ್ರ ಜನಿವಾರದಂತೆಯೇ ಎಡಹೆಗಲಿನಿಂದ ಎದೆಯ ಮೇಲೆ ಅಡ್ಡಹಾಯ್ದು ಬಲಸೊಂಟಕ್ಕೆ ಇಳಿಯಬೇಕು. ಅದು ಅಗಲವಾಗಿರಬೇಕು, ಗಿಡ್ಡವಾಗಿಯೂ ಇರಬೇಕು. ಉದ್ದವಾದರೆ ಚೀಲ ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ನಾಣ್ಯಗಳು ಮೈಗೆ ತಾಗುವ ಒಳಮಗ್ಗುಲಲ್ಲಿ, ರಸೀದಿ ಪುಸ್ತಕ ಹೊರಗೆ. ಕಾಪುವಿನ ಕಡಲ ಮರಳಿನಲ್ಲಿ ನಡೆಯುವಾಗ ಚೀಲ ಬೆನ್ನಿನತ್ತ, ಸಂತೆಯ ನೂಕುನುಗ್ಗಲಿನಲ್ಲಿ ಹೊಟ್ಟೆಯತ್ತ. ಮಧ್ಯಾಹ್ನದ ಮೇಲೆ ಹೆಗಲು ಬದಲಿಸಬೇಕು. ಆಷಾಢದ ಮಳೆಯಲ್ಲಂತೂ ಒಂದು ಕೈ ಕೊಡೆಗೆ, ಇನ್ನೊಂದು ಲೆಕ್ಕಕ್ಕೆ. ಚೀಲ ಹಿಡಿಯಲು ದೇವರು ಮೂರನೆಯದನ್ನು ಕೊಟ್ಟಿಲ್ಲ.

ಹಾಗಾದರೆ ಈ ಚೀಲ ಹೊತ್ತವನು ಯಾರ ನೌಕರ? ಸಿಂಡಿಕೇಟ್ ಬ್ಯಾಂಕೆಂಬ ಹೆಸರು ಹೊತ್ತು ಮಣಿಪಾಲದಲ್ಲಿ ನೆಲೆನಿಂತ ಆ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡಿತು. ಒಳಗಿನ ಗುಮಾಸ್ತ ಸರಕಾರಿ ಬ್ಯಾಂಕಿನವನಾದ; ಕಮಿಷನ್ನಿನ ಮೇಲೆ ದುಡಿಯುವ ಸಂಗ್ರಾಹಕ ಹೊರಗಿನವನಾಗಿಯೇ ಉಳಿದ. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಅವನೂ ಕಾರ್ಮಿಕನೇ ಎಂದು ಒಪ್ಪಿತು. ಖಾಯಂ ನೌಕರಿ ದೊರೆಯಲಿಲ್ಲ. ಓಡಾಟದ ಭತ್ಯೆ, ಗ್ರಾಚ್ಯುಟಿಗಳ ಹಕ್ಕು ದೊರೆಯಿತು. ಬಹಳ ತಡವಾಯಿತೆಂದೇ ನನ್ನ ಭಾವನೆ. ಆ ವೇಳೆಗೆ ಮೊದಲ ತಲೆಮಾರಿನ ಹೆಗಲುಗಳು ಎಂದೋ ಬಾಗಿ ಹೋಗಿದ್ದವು.

2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಹಕಾರಿ ಸಂಘಗಳ ಪಿಗ್ಮಿಯವರು ಈಗಲೂ ಕಾರ್ಕಳದ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗುತ್ತಾರೆ. ರಸೀದಿ ಪುಸ್ತಕದ ಬದಲು ಅವರ ಕೈಯಲ್ಲೊಂದು ಪುಟ್ಟ ಯಂತ್ರ. ಚೀಲದಲ್ಲಿ ನಾಣ್ಯಕ್ಕಿಂತ ನೋಟುಗಳೇ ಹೆಚ್ಚು.