ಕ್ರೆಡಿಟ್ ವರದಿ: ಗುಟ್ಟಿನ ಲೆಡ್ಜರಿನಿಂದ ಸಾಲಗಾರನ ಕೈಗೆ

ಕ್ರೆಡಿಟ್ ವರದಿ ಹುಟ್ಟಿದ್ದು ಸಾಲ ಕೊಡುವವರ ಭಯದಿಂದ. ಸಾಲ ಪಡೆದವನಿಗೆ ತನ್ನ ಬಗ್ಗೆ ಬರೆದದ್ದನ್ನು ಕೇಳಿ ತಿಳಿಯುವ ಹಕ್ಕು ದೊರೆತದ್ದು ಬಹಳ ತಡವಾಗಿ.

ಲಂಡನ್ನಿನ ವ್ಯಾಪಾರಿಗಳು 1776ರಲ್ಲೇ ವಂಚಕರಿಂದ ವ್ಯಾಪಾರವನ್ನು ಕಾಯಲು ಸಂಘ ಕಟ್ಟಿಕೊಂಡಿದ್ದರು. ಇಂಥ ಮಾಹಿತಿಯನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವನು ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ, ಗುಲಾಮಗಿರಿಯ ಕಡುವಿರೋಧಿ ಲೂಯಿಸ್ ಟಪ್ಪನ್. ಅಣ್ಣ ಆರ್ಥರ್ ಜೊತೆ ಅವನು ನಡೆಸುತ್ತಿದ್ದ ಸಗಟು ಅಂಗಡಿ 1837ರ ಆರ್ಥಿಕ ಕುಸಿತದಲ್ಲಿ ಪಾವತಿ ನಿಲ್ಲಿಸಬೇಕಾಯಿತು. ದೂರದೂರದ ಅಂಗಡಿಗಳಿಗೆ ಉದ್ರಿ ಕೊಡುವವನಿಗೆ ಅಲ್ಲಿನವರ ನಂಬಿಕಸ್ತಿಕೆ ತಿಳಿಯುವ ದಾರಿ ಬೇಕಿತ್ತು. 1841ರಲ್ಲಿ ಟಪ್ಪನ್ ಮರ್ಕೆಂಟೈಲ್ ಏಜೆನ್ಸಿಯನ್ನು ತೆರೆದ. ಊರೂರಿನ ವಕೀಲರು ಸ್ಥಳೀಯ ವ್ಯಾಪಾರಿಗಳ ಆಸ್ತಿ, ದುಡಿಮೆ, ಕುಡಿತ, ಮನೆತನದ ಸುದ್ದಿಗಳನ್ನು ಬರೆದು ಕಳಿಸುತ್ತಿದ್ದರು. ಗುಮಾಸ್ತರು ಅದನ್ನು ದಪ್ಪ ಲೆಡ್ಜರುಗಳಿಗೆ ಇಳಿಸುತ್ತಿದ್ದರು. ಚಂದಾದಾರ ಕಚೇರಿಗೆ ಬಂದರೆ ಓದಿ ಹೇಳುತ್ತಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಕರ್ ಗ್ರಂಥಾಲಯದಲ್ಲಿ ಅಂಥ 2,500ಕ್ಕೂ ಹೆಚ್ಚು ಸಂಪುಟಗಳು ಇಂದಿಗೂ ಇವೆ.

ವರದಿ ಸುಳ್ಳಾಗಿದ್ದರೆ ಪೆಟ್ಟು ಬೀಳುತ್ತಿದ್ದದ್ದು ಅದನ್ನು ಕಂಡೇ ಇಲ್ಲದವನಿಗೆ. ಓಹಾಯೋದ ನಾರ್ವಾಕ್‌ನ ಬಿಯರ್ಡ್‌ಸ್ಲಿ ಎಂಬ ವ್ಯಾಪಾರಿಗಳು ಸಂಸಾರದ ಜಗಳದ ಸುದ್ದಿಯನ್ನು ವರದಿಗೆ ಸೇರಿಸಿ ತಮ್ಮ ಹೆಸರು ಕೆಡಿಸಿದನೆಂದು ಟಪ್ಪನ್ ಮೇಲೆ ದಾವೆ ಹೂಡಿದರು. ಸುದ್ದಿ ಕೊಟ್ಟವರ ಹೆಸರು ಬಿಟ್ಟುಕೊಡಲು ಒಪ್ಪದ ಏಜೆನ್ಸಿಯ ಬೆಂಜಮಿನ್ ಡಗ್ಲಾಸ್ ಜೈಲಿಗೂ ಹೋದ. ಕೆಳ ನ್ಯಾಯಾಲಯದಲ್ಲಿ ಬಿಯರ್ಡ್‌ಸ್ಲಿಗಳು ಗೆದ್ದರೂ ಅಮೆರಿಕದ ಸುಪ್ರೀಂ ಕೋರ್ಟು ಆ ತೀರ್ಪನ್ನು ಉಳಿಸಲಿಲ್ಲ.

ವ್ಯಾಪಾರಿಗಳಿಂದ ಸಾಮಾನ್ಯ ಗಿರಾಕಿಯತ್ತ ಈ ಕಣ್ಣು ಹೊರಳಿದ್ದು ಆಮೇಲೆ. ಕೇಟರ್ ಮತ್ತು ಗೈ ವುಲ್‌ಫರ್ಡ್ ಸಹೋದರರು 1899ರಲ್ಲಿ ಅಟ್ಲಾಂಟಾದಲ್ಲಿ ರಿಟೇಲ್ ಕ್ರೆಡಿಟ್ ಕಂಪನಿ ಆರಂಭಿಸಿದರು. ಹೊತ್ತಿಗೆ ಸರಿಯಾಗಿ ಕೊಡುವವರು, ನಿಧಾನಿಗಳು, ನಗದು ಇಲ್ಲದೆ ಮಾಲು ಕೊಡಬಾರದವರು ಎಂದು ಅವರ ಪುಸ್ತಕ ಗಿರಾಕಿಗಳನ್ನು ವಿಂಗಡಿಸುತ್ತಿತ್ತು. ಮುಂದೆ ವಿಮೆಗಾಗಿಯೂ ತನಿಖೆ ನಡೆಸಿದ ಈ ಕಂಪನಿಯ ನೌಕರರು ನೆರೆಹೊರೆಯವರನ್ನು ಕೇಳಿ ಜನರ ನಡತೆಯನ್ನೂ ದಾಖಲಿಸಿದರು. ಸಾಲ ತೀರಿಸುವ ಶಕ್ತಿಗೆ ಸಂಬಂಧವೇ ಇಲ್ಲದ ಚಾಡಿ ಮಾತೂ ಹೀಗೆ ಕಡತ ಸೇರಿದ್ದು ಘೋರ ಅನ್ಯಾಯ.

1960ರ ದಶಕದ ಕೊನೆಯಲ್ಲಿ ಅಮೆರಿಕದ ಸಂಸತ್ತು ಈ ಬಗ್ಗೆ ವಿಚಾರಣೆ ನಡೆಸಿತು. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಪಟ್ಟು ಬಿಡದೆ ದುಡಿದುದರ ಫಲವಾಗಿ 1970ರಲ್ಲಿ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಬಂತು. ಕಡತದ ಸಾರವನ್ನು ಕೇಳಿ ತಿಳಿಯುವ, ತಪ್ಪೆನಿಸಿದ್ದನ್ನು ಮರುತನಿಖೆ ಮಾಡಿಸುವ, ವಿವಾದ ಬಗೆಹರಿಯದಿದ್ದರೆ ತನ್ನ ಹೇಳಿಕೆಯನ್ನೂ ಸೇರಿಸುವ ಹಕ್ಕು ಸಾಲಗಾರನಿಗೆ ದಕ್ಕಿತು. ರಿಟೇಲ್ ಕ್ರೆಡಿಟ್ ಕಂಪನಿ 1975ರಲ್ಲಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ವರ್ಷಕ್ಕೊಮ್ಮೆ ಉಚಿತ ವರದಿಗೆ ಅಲ್ಲಿನವರು 2003ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಭಾರತದಲ್ಲಿ ಇಂಥ ವರದಿ ಕೊಡುವ ಸಿಬಿಲ್ ಕಂಪನಿ ಸ್ಥಾಪನೆಯಾದದ್ದು 2000ದಲ್ಲಿ. ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ 2005ರಲ್ಲಿ ಬಂತು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. 2017ರಿಂದ ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಹೆಸರು, ಪ್ಯಾನ್ ಸಂಖ್ಯೆ, ಸಾಲದ ಖಾತೆಗಳು, ಕಂತು ಎಷ್ಟು ದಿನ ತಡವಾಯಿತೆಂಬ ವಿವರ, ಯಾವ ಬ್ಯಾಂಕು ಯಾವಾಗ ವಿಚಾರಿಸಿತೆಂಬ ಪಟ್ಟಿ ಅದರಲ್ಲಿರುತ್ತವೆ. ಜಾಮೀನು ನಿಂತ ಸಾಲವೂ ಕಾಣಿಸುತ್ತದೆ. ಸ್ವಂತ ವರದಿಯನ್ನು ಎಷ್ಟು ಸಲ ನೋಡಿದರೂ ಸಾಲಗಾರನ ನಂಬಿಕಸ್ತಿಕೆಗೆ ಕೊಡುವ ಅಂಕ, ಅಂದರೆ ಸ್ಕೋರು, ಇಳಿಯುವುದಿಲ್ಲ. ತೀರಿಸಿದ ಸಾಲ ಬಾಕಿಯೆಂದೇ ಉಳಿದಿದ್ದರೆ, ತೆಗೆಯದ ಸಾಲ ಖಾತೆಯಲ್ಲಿದ್ದರೆ ಕಂಪನಿಗೋ ಬ್ಯಾಂಕಿಗೋ ದೂರು ಕೊಡಬಹುದು. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು.