ಇಗರ್ಜಿಯ ಪುಸ್ತಕ ಮತ್ತು 1784ರ ಕಂದರ: ಕರಾವಳಿ ಕ್ಯಾಥೊಲಿಕರ ವಂಶಶೋಧನೆಯ ಆಕರಗಳು

ದಕ್ಷಿಣ ಕನ್ನಡದ ಕ್ಯಾಥೊಲಿಕ ಮನೆತನವೊಂದರ ವಂಶಾವಳಿ ಹುಡುಕುತ್ತ ಹಿಂದಕ್ಕೆ ನಡೆದವರು ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಹೇಗಾದರೂ ತಲುಪುತ್ತಾರೆ. ಅಲ್ಲಿಂದಾಚೆ ಹಾದಿ ಕಡಿದುಹೋಗುತ್ತದೆ. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನ್ ಆಗ ಕೆನರಾ ಎನಿಸಿಕೊಂಡಿದ್ದ ಈ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 27 ಇಗರ್ಜಿಗಳು ನೆಲಸಮವಾದುವೆಂದು ಸಮುದಾಯದ ಚರಿತ್ರೆಗಳು ಹೇಳುತ್ತವೆ. ಸೆರೆಯಾದವರೆಷ್ಟು ಎಂಬುದರಲ್ಲಿ ಒಮ್ಮತವಿಲ್ಲ. 30,000ದಿಂದ 60,000ಕ್ಕೂ ಮೇಲಿನ ಅಂದಾಜುಗಳಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿದರು. ಅಷ್ಟರಲ್ಲಿ ಇಗರ್ಜಿಗಳ ಜೊತೆಗೆ ಅವುಗಳ ಪುಸ್ತಕಗಳೂ ಬಹುಪಾಲು ಅಳಿದಿದ್ದವು.

ಈ ಹದಿನೈದು ವರ್ಷಗಳ ಕಂದರವನ್ನು ದಾಟಲು ಹೆಚ್ಚಿನವರು ಹಿಡಿಯುವುದು ಅಡ್ಡಹೆಸರಿನ ಹಗ್ಗವನ್ನು. ಅದು ಭಾರ ತಡೆಯುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಆಕರ ಮದುವೆಯ ಕಾಗದಪತ್ರಗಳಲ್ಲಿದೆ, ಅದರಲ್ಲೂ ರಕ್ತಸಂಬಂಧದ ಅಡ್ಡಿಯನ್ನು ಮನ್ನಿಸಿ ಕೊಟ್ಟ ವಿನಾಯಿತಿಗಳಲ್ಲಿದೆ ಎಂಬುದು ಈ ಲೇಖನದ ವಾದ.

ಧರ್ಮಕೇಂದ್ರದ ಪುಸ್ತಕ ವಂಶಾವಳಿಗಾಗಿ ಹುಟ್ಟಿದ್ದಲ್ಲ. ಗುಟ್ಟಾಗಿ ನಡೆದ ಮದುವೆಗಳು ಆಮೇಲೆ ವ್ಯಾಜ್ಯಕ್ಕೆ ಬರುವುದನ್ನು ತಡೆಯಲು ಕ್ಯಾಥೊಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ 1563ರಲ್ಲಿ ಮದುವೆಯ ನೋಂದಣಿಯನ್ನು ಕಡ್ಡಾಯ ಮಾಡಿತು. 1614ರ ರೋಮನ್ ವಿಧಿಗ್ರಂಥ ಐದು ಪುಸ್ತಕಗಳನ್ನು ವಿಧಿಸಿತು: ಜ್ಞಾನಸ್ನಾನ, ದೃಢೀಕರಣ, ಮದುವೆ, ಮರಣ ಮತ್ತು ಧರ್ಮಕೇಂದ್ರದ ಮನೆಮನೆಯ ಜನಪಟ್ಟಿ. ಇಂಗ್ಲೆಂಡಿನಲ್ಲಿ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲೇ ಇಂಥ ಆಜ್ಞೆ ಹೊರಡಿಸಿದ್ದ; ವರ್ಷಕ್ಕೊಮ್ಮೆ ಬಿಷಪ್ಪರಿಗೆ ನಕಲು ಕಳಿಸುವ ಪದ್ಧತಿಯೂ 1598ರಿಂದ ಅಲ್ಲಿ ಜಾರಿಗೆ ಬಂತು. ಒಂದು ಹಳ್ಳಿಯ ಪುಸ್ತಕ ಸುಟ್ಟುಹೋದರೂ ಅಲ್ಲಿನ ಸಂಶೋಧಕ ನಕಲಿನ ಮೊರೆಹೋಗಬಹುದು. ಕೆನರಾದಲ್ಲಿ ಅಂಥ ಆಸರೆಯನ್ನು ನಂಬಿ ಹೊರಡುವಂತಿಲ್ಲ.

ಜ್ಞಾನಸ್ನಾನದ ಒಂದು ನಮೂದನ್ನು ಹತ್ತಿರದಿಂದ ನೋಡೋಣ. ಪೋರ್ಚುಗೀಸ್ ಮಾದರಿಯ ನಮೂದು ತಾರೀಖಿನಿಂದ ತೊಡಗುತ್ತದೆ, ಅದೂ ಅಂಕಿಯಲ್ಲಲ್ಲ, ಅಕ್ಷರಗಳಲ್ಲಿ. ಮುಂದೆ ಮಗುವಿನ ಹೆಸರು, ಸಕ್ರಮ ಸಂತಾನವೆಂಬ ಮಾತು, ತಂದೆತಾಯಿ, ಅವರ ಊರು, ಜ್ಞಾನತಂದೆ ಮತ್ತು ಜ್ಞಾನತಾಯಿ, ಕೊನೆಗೆ ಧರ್ಮಕೇಂದ್ರದ ಗುರು ವಿಗಾರರ ಸಹಿ. ಹೆಸರುಗಳು ಮೊಟಕಾಗಿರುತ್ತವೆ: ಮೊದಲೆರಡು ಅಕ್ಷರ, ಮೇಲೆ ಸಣ್ಣದಾಗಿ ಕೊನೆಯ ಅಕ್ಷರ. ಮನೆಯಲ್ಲಿ ಬಸ್ತ್ಯಾಂವ್ ಆದವನು ಪೋರ್ಚುಗೀಸಿನಲ್ಲಿ ಸೆಬಾಸ್ತಿಯಾಂವ್, ಲ್ಯಾಟಿನ್‌ನಲ್ಲಿ ಸೆಬಾಸ್ತಿಯಾನುಸ್, ಮೊಮ್ಮಕ್ಕಳ ಕಾಲದ ಇಂಗ್ಲಿಷಿನಲ್ಲಿ ಸೆಬಾಸ್ಟಿಯನ್. ಜುವಾಂವ್, ದುಮಿಂಗ್ ಇವರ ಪಾಡೂ ಅದೇ. ಮದುವೆಯಾದ ಮೇಲೆ ಆ ಸಂಗತಿಯನ್ನು ಜ್ಞಾನಸ್ನಾನದ ನಮೂದಿನ ಅಂಚಿನಲ್ಲಿ ಬರೆಯಬೇಕೆಂಬ ಕಟ್ಟಳೆ 1908ರಿಂದ ಬಂತು. ಹಾಗಾಗಿ ಆಮೇಲಿನ ಪುಸ್ತಕಗಳಲ್ಲಿ ಒಬ್ಬನ ಜಾಡು ಮುಂದಕ್ಕೂ ಹಿಡಿಯಬಹುದು. ಅದಕ್ಕೆ ಹಿಂದಿನವುಗಳಲ್ಲಿ ಅಂಚು ಹೆಚ್ಚಾಗಿ ಖಾಲಿ.

ಒಂದೇ ಧರ್ಮಕೇಂದ್ರದಲ್ಲಿ ಒಂದೇ ಅಡ್ಡಹೆಸರಿನ ಇಬ್ಬರು ಬಸ್ತ್ಯಾಂವ್‌ಗಳಿದ್ದರೆ? ಇದು ಅಪರೂಪವಲ್ಲ, ದಿನನಿತ್ಯದ ಪಾಡು. ಇಬ್ಬರನ್ನೂ ಬಿಡಿಸುವುದು ಹೆಂಡತಿಯ ಹೆಸರು, ವಾಡೊ ಎಂಬ ಊರಿನ ಕೇರಿ ಮತ್ತು ಜ್ಞಾನತಂದೆಯರ ಸಾಲು. ಚೊಚ್ಚಲ ಮಗುವಿಗೆ ಅಜ್ಜ ಅಜ್ಜಿ, ಆಮೇಲಿನವಕ್ಕೆ ಮಾವ, ಅತ್ತೆ, ಚಿಕ್ಕಪ್ಪ ನಿಲ್ಲುವ ರೂಢಿಯಿದ್ದಲ್ಲಿ ಐದಾರು ಮಕ್ಕಳ ನಮೂದುಗಳನ್ನು ಒಟ್ಟಿಗಿಟ್ಟು ಓದಿದರೆ ಇಡೀ ಬಂಧುಬಳಗ ಕಣ್ಣಿಗೆ ಬೀಳುತ್ತದೆ. ಒಂದೊಂದೇ ನಮೂದನ್ನು ಕಿತ್ತುಕೊಂಡು ಓದುವವರಿಗೆ ಇದು ದಕ್ಕದು.

ಅಡ್ಡಹೆಸರಿನ ಭ್ರಮೆ ಹುಟ್ಟಿದ್ದು ಈ ಮನೆತನಗಳ ಪೂರ್ವಜರು ವಲಸೆ ಹೊರಟ ಗೋವಾದಲ್ಲಿ. ಹದಿನಾರನೆಯ ಶತಮಾನದ ಮತಾಂತರದಲ್ಲಿ ಹೊಸಬರಿಗೆ ಜ್ಞಾನತಂದೆಯದೋ ಪಾದ್ರಿಯದೋ ಅಡ್ಡಹೆಸರು ಸಿಕ್ಕುತ್ತಿತ್ತು. ಸಂಬಂಧವೇ ಇಲ್ಲದವರು ಒಂದೇ ಹೆಸರಿನವರಾದರು, ಒಂದೇ ಕುಲದವರು ಬೇರೆಬೇರೆ ಹೆಸರಿನವರಾದರು. ಡಿಸೋಜ ಎಂಬ ಹೆಸರಿನ ಬೆನ್ನುಹತ್ತಿ ಲಿಸ್ಬನ್ನಿನ ಯಾವುದೋ ಕುಲೀನ ಮನೆತನ ತಲುಪಿದೆವೆಂದು ಬೀಗುವವರು ಈಗಲೂ ಇದ್ದಾರೆ! ಪ್ರಭು, ಕಾಮತ್, ಪೈ, ಶೆಣೈ ಮೊದಲಾದ ಹಳೆಯ ಹೆಸರುಗಳನ್ನು ಕೆಲವು ಮನೆತನಗಳು ನೆನಪಿನಲ್ಲಿ ಉಳಿಸಿಕೊಂಡಿವೆ. ವಂಶಶೋಧನೆಗೆ ಅವು ಹೆಚ್ಚು ಉಪಯುಕ್ತ, ಆದರೆ ಬಾಯಿಮಾತಿನವು.

ಇನ್ನು ವಿನಾಯಿತಿ. 1215ರ ಲ್ಯಾಟರನ್ ಮಹಾಸಭೆಯಿಂದ 1917ರ ಧರ್ಮಸಂಹಿತೆಯವರೆಗೆ ನಾಲ್ಕನೆಯ ತಲೆಯೊಳಗಿನ ಸಂಬಂಧದಲ್ಲಿ ಮದುವೆಗೆ ತಡೆಯಿತ್ತು. ಒಡಹುಟ್ಟಿದವರದು ಮೊದಲ ತಲೆ, ಅವರ ಮಕ್ಕಳದು ಎರಡನೆಯದು, ಮೊಮ್ಮಕ್ಕಳದು ಮೂರನೆಯದು, ಮರಿಮಕ್ಕಳದು ನಾಲ್ಕನೆಯದು. ತುಳುನಾಡಿನ ನೆರೆಹೊರೆಯಲ್ಲಿ ಸೋದರಮಾವನ ಮಗಳನ್ನು ತರುವುದು ಸಂಭ್ರಮದ ವಿಷಯ. ಇಗರ್ಜಿಯಲ್ಲಿ ಅದೇ ಸಂಬಂಧಕ್ಕೆ ಅರ್ಜಿ ಹಾಕಬೇಕು. ಮೂರು ಭಾನುವಾರ ಮದುವೆಯ ಪ್ರಕಟಣೆ ಓದಿದಾಗ ಯಾರಾದರೂ ಎದ್ದು ಸಂಬಂಧ ಹೇಳಿಯಾರೆಂಬ ಭಯ ಬೇರೆ. ಹೀಗಾಗಿ ಯಾರ ಅಜ್ಜ ಯಾರ ಅಜ್ಜಿಯ ಅಣ್ಣನೆಂಬುದು ಕಾಗದಕ್ಕೆ ಇಳಿಯಬೇಕಾಯಿತು.

ಲೆಕ್ಕ ಹಾಕಿ ನೋಡಿ. 1830ರಲ್ಲಿ ನಾಲ್ಕನೆಯ ತಲೆಯ ವಿನಾಯಿತಿ ಪಡೆದ ವಧು 1810ರ ಸುಮಾರಿಗೆ ಹುಟ್ಟಿದವಳು. ತಲೆಮಾರಿಗೆ 28 ವರ್ಷವೆಂದಿಟ್ಟುಕೊಂಡರೆ ವಧೂವರರ ಸಮಾನ ಪೂರ್ವಜ ಹುಟ್ಟಿದ್ದು 1700ರ ಆಸುಪಾಸು. ಅಂದರೆ ಕೆಳದಿ ಅರಸರ ಆಳಿಕೆಯಲ್ಲಿ, ಗೋವಾದಿಂದ ವಲಸೆ ಬರುತ್ತಿದ್ದ ಕಾಲದಲ್ಲಿ. ಜ್ಞಾನಸ್ನಾನದ ಪುಸ್ತಕ ಉಳಿಸದ ಕಾಲಕ್ಕೆ ಮದುವೆಯ ಅರ್ಜಿ ನಮ್ಮನ್ನು ಒಯ್ಯುತ್ತದೆ. ಅರ್ಜಿಯೇ ಕಳೆದುಹೋಗಿದ್ದರೂ ಮದುವೆಯ ಪುಸ್ತಕದಲ್ಲಿ ಎಷ್ಟನೆಯ ತಲೆ ಎಂಬ ಒಂದು ಮಾತು ಉಳಿದಿದ್ದರೆ, ಎರಡು ಮನೆತನಗಳು ಎಲ್ಲಿ ಕೂಡುತ್ತವೆಂಬ ಅಂದಾಜಾದರೂ ಸಿಗುತ್ತದೆ.

ಇದರ ದೋಷವನ್ನೂ ಹೇಳಬೇಕು. ಅರ್ಜಿಯಲ್ಲಿರುವುದು ಬದುಕಿದ್ದವರ ನೆನಪು, ಅದೂ ಮದುವೆ ನಡೆಯಲೇಬೇಕೆಂದವರ ಹೇಳಿಕೆ. ಸೆರೆಯಲ್ಲಿ ಹೆತ್ತವರನ್ನು ಕಳೆದುಕೊಂಡು ಮರಳಿದ ಮಕ್ಕಳಿಗೆ ಮುತ್ತಜ್ಜನ ಹೆಸರು ಯಾರು ಹೇಳಿಕೊಟ್ಟರು? ಜೊತೆಗೆ, ಸಣ್ಣ ವಲಯದೊಳಗೇ ಹೆಣ್ಣು ಕೊಟ್ಟುತರುತ್ತಿದ್ದ ಭೂಮಿವಂತ ಮನೆತನಗಳ ಕಾಗದಗಳೇ ಹೆಚ್ಚು ಸಿಗುವುದು ಸಹಜ. ಚಾಲಗೇಣಿಯ, ಅಂದರೆ ಧಣಿ ಬಯಸಿದಾಗ ಬಿಡಿಸಬಹುದಾದ ಗೇಣಿಯ, ಒಕ್ಕಲಿನವರ ಪೂರ್ವಜರು ಇಲ್ಲಿ ತೆಳುವಾಗಿ ಕಾಣಿಸುತ್ತಾರೆ.

ಕಾಗದ ಹುಡುಕುವ ಮೊದಲು ಆಗ ಅಧಿಕಾರ ಯಾರದಿತ್ತೆಂದು ನೋಡಿಕೊಳ್ಳಬೇಕು. 1838ರವರೆಗೆ ಕೆನರಾ ಗೋವಾದ ಆರ್ಚ್‌ಬಿಷಪ್ಪರ ಕೆಳಗಿತ್ತು. ಆಮೇಲೆ ಕೇರಳದ ವೆರಾಪೊಲಿಗೆ ಸೇರಿತು. 1878ರಲ್ಲಿ ಜೆಸ್ವಿತರು ಬಂದರು. 1886–87ರ ಹೊತ್ತಿಗೆ ಮಂಗಳೂರು ಧರ್ಮಪ್ರಾಂತವಾಯಿತು. 1838ರ ಬದಲಾವಣೆಯನ್ನು ಒಪ್ಪದೆ ಗೋವಾಕ್ಕೇ ನಿಷ್ಠರಾಗಿ ಉಳಿದವರೂ ಇದ್ದುದರಿಂದ, ಒಂದೇ ಊರಿನ ಅಣ್ಣತಮ್ಮಂದಿರ ಮದುವೆಗಳು ಎರಡು ಕಡೆ ದಾಖಲಾಗಿರುವುದು ಸಾಧ್ಯ. ಪುಸ್ತಕದಲ್ಲಿ ಹೆಸರು ಕಾಣದ ಮಾತ್ರಕ್ಕೆ ಸತ್ತನೆಂದೋ ಊರು ಬಿಟ್ಟನೆಂದೋ ತೀರ್ಮಾನಿಸುವುದು ಅವಸರ.

ಗೋವಾದ ತುದಿಯಲ್ಲಿ ಇಗರ್ಜಿಯ ಪುಸ್ತಕಕ್ಕಿಂತ ಹಳ್ಳಿಯ ಜಮೀನನ್ನು ಒಟ್ಟಾಗಿ ಹೊಂದಿದ್ದ ಕೊಮುನಿದಾದ್ ಎಂಬ ಸಂಘದ ದಾಖಲೆ ಹೆಚ್ಚು ಮಾತಾಡುತ್ತದೆ. ಅದರ ಮೂಲ ಸದಸ್ಯರಾದ ಗಾಂವ್‌ಕಾರರ ಗಂಡುಮಕ್ಕಳು ಹುಟ್ಟುಹಕ್ಕಿನಿಂದ ಪಾಲು ಪಡೆಯುತ್ತಿದ್ದರು. ಆದ್ದರಿಂದ ಅವರ ಹೆಸರು ತಂದೆಯ ಹೆಸರಿನೊಡನೆ, ತಮ್ಮ ವಾಂಗೋರ್ ಎಂಬ ಕುಲವಿಭಾಗದ ಕೆಳಗೆ, ದಾಖಲಾಗಬೇಕಿತ್ತು. 1595ರಲ್ಲಿ ಪೋರ್ಚುಗೀಸ್ ಚರಿತ್ರಕಾರ ದಿಯೋಗು ದೊ ಕೋತೊ ಮೊದಲ ಪಾಲಕನಾಗಿ ಆರಂಭವಾದ ಸಂಗ್ರಹವೇ ಇಂದಿನ ಪಣಜಿಯ ಐತಿಹಾಸಿಕ ದಾಖಲೆಗಳ ಭಂಡಾರ. ಅಲ್ಲಿಗೆ ಡಿಸೋಜ, ಪಿಂಟೊ ಎಂಬ ಹೆಸರಷ್ಟನ್ನೇ ಹಿಡಿದುಕೊಂಡು ಹೋದರೆ ಸಿಗುವುದು ಸಾವಿರಾರು ಜನ. ವಿನಾಯಿತಿ ಅರ್ಜಿಯಲ್ಲೋ ಮನೆಮಾತಿನಲ್ಲೋ ಉಳಿದ ಊರು ಮತ್ತು ಹಳೆಯ ಮನೆತನದ ಹೆಸರು ಎರಡೂ ಕೈಯಲ್ಲಿದ್ದರೆ, ಬಾರ್ದೇಸ್ ಅಥವಾ ಸಾಲ್ಸೆತ್‌ನ ಒಂದು ಹಳ್ಳಿಯ ಒಂದು ವಾಂಗೋರ್‌ವರೆಗೆ ಹುಡುಕಾಟವನ್ನು ಕುಗ್ಗಿಸಬಹುದು. ಅಲ್ಲಿ ಯಾವ ತಲೆಮಾರಿನಲ್ಲಿ ಒಂದು ಕವಲಿನ ಹೆಸರುಗಳು ಪಾಲಿನ ಪಟ್ಟಿಯಿಂದ ಮರೆಯಾಗುತ್ತವೆಯೋ, ದಕ್ಷಿಣಕ್ಕೆ ಹೊರಟವರನ್ನು ಆ ತಲೆಮಾರಿನಲ್ಲಿ ಮೊದಲು ಹುಡುಕಬೇಕು.